ಪಾಂಡವರ ಕೊಂಪೆಯಲ್ಲೊಂದು ಓಟು

ಕಡಲು ದಾಟಲಿಲ್ಲ, ಹಡಗು ಹತ್ತಲಿಲ್ಲ. ಬುತ್ತಿಗೆ ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೊರಟವಳು ನಾನು. ಆದರೂ ಪರದೇಶಕ್ಕೆ ಹೋಗಿಬಂದೆ ಎಂದು ಹೇಳಿಕೊಳ್ಳುವ ಹಕ್ಕು ನನಗಿದೆ. ನಮ್ಮ ವಿಜಾಪುರದಿಂದ ಹೊರಟು ಹೊಟಗಿಯಲ್ಲಿ ಗಾಡಿ ಬದಲಿಸಿ ಮುಂದೆ ಹೋದರೆ, ಒಂದು ಕಡೆ ಇಂಗ್ಲಿಷರ ರಾಜ್ಯ ಮುಗಿದು ನಿಜಾಮರ ರಾಜ್ಯ ಶುರುವಾಗುತ್ತದೆ. ಅಲ್ಲಿ ರೂಪಾಯಿ ಬೇರೆ, ಅಂಚೆ ಚೀಟಿ ಬೇರೆ, ಕಚೇರಿಯ ಭಾಷೆ ಬೇರೆ, ಸರ್ಕಾರಿ ತಿಂಗಳುಗಳ ಹೆಸರೂ ಬೇರೆ. ನಮ್ಮ ಕಡೆಯವರು ಆ ಸೀಮೆಯನ್ನು ಮೊಗಲಾಯಿ ಎನ್ನುತ್ತಾರೆ. ಕಿಟಕಿಯಾಚೆಯ ಕಪ್ಪು ಮಣ್ಣು ಮಾತ್ರ ಬದಲಾಗುವುದಿಲ್ಲ. ಕನ್ನಡವೂ ಬದಲಾಗುವುದಿಲ್ಲ, ನಾವು ‘ಐತಿ’ ಅನ್ನುವಲ್ಲಿ ಅವರು ‘ಅದ’ ಅನ್ನುತ್ತಾರೆ ಅಷ್ಟೆ.

ಅಕ್ಕನ ಮನೆಗೆ ಎಳ್ಳಮಾವಾಸ್ಯೆಯ ಊಟಕ್ಕೆ ಹೊರಟಿದ್ದೇವೆ ಎಂದು ಓಣಿಯಲ್ಲೆಲ್ಲ ಹೇಳಿದ್ದೆವು. ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಓಟಿನ ಗದ್ದಲದಿಂದ ನನ್ನನ್ನು ದೂರ ಇಡಬೇಕೆಂದು ರುದ್ರಪ್ಪ ಕಾಕಾ ಈ ಪ್ರಯಾಣ ಹೂಡಿದ್ದರು.

ಆ ವರ್ಷ ನಮ್ಮ ಮುಂಬೈ ಇಲಾಖೆಯಲ್ಲಿ ಓದುಬರಹ ಬಲ್ಲ ಹೆಂಗಸರಿಗೂ ಓಟು ಬಂದಿತ್ತು. ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸುವ ನನಗೂ ಒಂದು ಬಂತು. ನಿಂತವರು ಇಬ್ಬರು: ಒಬ್ಬರು ಭಾರಿ ಜಮೀನಿನ ದೇಸಾಯರು, ಇನ್ನೊಬ್ಬರು ಖಾದಿ ತೊಟ್ಟ ವಕೀಲರು. ದೇಸಾಯರು ನಮ್ಮ ಶಾಲೆಗೆ ಗೋಡೆ ಕಟ್ಟಿಸಿಕೊಟ್ಟಿದ್ದರು, ಆದರೆ ತಮ್ಮ ಮನೆಯ ಹುಡುಗಿಯರನ್ನು ಆ ಗೋಡೆಯೊಳಗೆ ಕಳಿಸಿರಲಿಲ್ಲ. ವಕೀಲರು ದೇಶದ ಬಗ್ಗೆ ಅಳು ಬರುವ ಹಾಗೆ ಮಾತಾಡುತ್ತಿದ್ದರು, ಆದರೆ ಶಾಲೆಯಲ್ಲಿ ಕುಡಿಯುವ ನೀರಿದೆಯೇ ಎಂದು ಒಮ್ಮೆಯೂ ಕೇಳಿರಲಿಲ್ಲ. ನನ್ನ ಜೊತೆಯ ಶಿಕ್ಷಕಿಯರು ವಕೀಲರಿಗೇ ಹಾಕು ಎಂದು ಬೆನ್ನು ಬಿದ್ದಿದ್ದರು. ಕಾಕಾ ಮಾತ್ರ ದೇಸಾಯರ ಪಕ್ಕಾ ಮನುಷ್ಯ. “ನಮ್ಮ ಮನೀ ಓಟೆಲ್ಲ ನಿಮ್ಮವ” ಎಂದು ಬಿಲ್ವಪತ್ರೆ ಮುಟ್ಟಿ ಅವರಿಗೆ ಮಾತು ಕೊಟ್ಟು ಬಂದಿದ್ದರು. ನನ್ನನ್ನು ಕೇಳಿರಲಿಲ್ಲ.

ಕಾಕಾ ಯಾರೆಂದು ಹೇಳದಿದ್ದರೆ ನನ್ನ ಸಂಕಟ ನಿಮಗೆ ತಿಳಿಯದು. ಅಪ್ಪ ಇಲ್ಲದವಳು ನಾನು, ಬಾಲ್ಯದಲ್ಲೇ ಗಂಡನನ್ನೂ ಕಳೆದುಕೊಂಡೆ. ಮೂಲೆಯಲ್ಲಿ ಕೂರಿಸಿ ಎಂದವರನ್ನೆಲ್ಲ ಬೈದು, ಕೈಹಿಡಿದು ಶಾಲೆಗೆ ಕರೆದೊಯ್ದವರು ಅಪ್ಪನ ತಮ್ಮನಾದ ಈ ಕಾಕಾ. ಎರಡು ವರ್ಷ ನೆಂಟರ ಮನೆಯ ಊಟಕ್ಕೆ ಅವರನ್ನು ಯಾರೂ ಕರೆಯಲಿಲ್ಲ. ಈಗ ಅವರ ಲೆಕ್ಕ ಸರಳವಾಗಿತ್ತು: ಓದಿಸಿದ್ದು ಅವರು, ಓದಿನಿಂದ ಬಂದದ್ದು ಓಟು, ಹಾಗಾಗಿ ಓಟು ಅವರದ್ದು. ಈ ಲೆಕ್ಕದಲ್ಲಿ ಎಲ್ಲೋ ತಪ್ಪಿದೆ ಎಂದು ಗೊತ್ತು, ಆದರೆ ಅದನ್ನು ಅವರ ಮುಖ ನೋಡಿ ಹೇಳಲು ನನ್ನ ನಾಲಿಗೆ ಏಳುತ್ತಿರಲಿಲ್ಲ. “ಎಳ್ಳಮಾಸಿ ಮುಗಿಸಿ ಬರೂದ್ರಾಗ ಮಾತು ಕೊಡ್ತೀನಿ” ಎಂದು ದಿನ ದೂಡಿದ್ದೆ.

ವಾಡಿ

ವಾಡಿಯಲ್ಲಿ ಇಳಿದು ನಿಜಾಮರ ರೈಲು ಹತ್ತಬೇಕು. ಅಲ್ಲೇ ಸುಂಕದ ಚೌಕಿ. ಚೌಕಿಯ ಗುಮಾಸ್ತ ನಮ್ಮ ಟ್ರಂಕು ತೆಗೆಸಿದ, ಅಕ್ಕನಿಗೆಂದು ಒಯ್ಯುತ್ತಿದ್ದ ಇಳಕಲ್ಲ ಸೀರೆಯನ್ನು ಬೆಳಕಿಗೆ ಹಿಡಿದು ನೋಡಿದ, ಕೊನೆಗೆ ಚಟ್ನಿಯ ಡಬ್ಬಿಯ ಮುಚ್ಚಳ ತೆಗೆದು ಮೂಗಿನ ಹತ್ತಿರ ಒಯ್ದ. ಬೇಡವೆಂದು ಹೇಳುವಷ್ಟರಲ್ಲಿ ಹೊತ್ತು ಮೀರಿತ್ತು. ವಿಜಾಪುರದ ಖಾರಕ್ಕೆ ಅವನು ಸೀನಿದ ರಭಸಕ್ಕೆ ಪಕ್ಕದವನ ಮಸಿಯ ದೌತಿ ಉರುಳಿತು.

“ಮತ್ತೇನರ ತಂದೀರೇನ್ರಿ ಆ ಕಡಿಂದ?” ಕಣ್ಣೊರೆಸಿಕೊಳ್ಳುತ್ತ ಕೇಳಿದ.

ಕಾಕಾಗೆ ಇಂಥ ಪ್ರಶ್ನೆಯೇ ಬೇಕಾಗಿತ್ತು. ನೌಕರಿಯಲ್ಲಿದ್ದಾಗ ಹಿಂದಿನ ಚುನಾವಣೆಯಲ್ಲಿ ಮತಗಟ್ಟೆಯ ಮೇಜಿಗೆ ಕುಳಿತವರು ಅವರು. ಕಾಯ್ದೆಯ ಒಂದು ಕೂದಲೂ ಕೊಂಕದಂತೆ ಕೆಲಸ ಮಾಡಿದಿರಿ ಎಂದು ಸಾಹೇಬ ಬೆನ್ನು ತಟ್ಟಿದ್ದನ್ನು ಕೇಳದವರು ನಮ್ಮ ತಾಲೂಕಿನಲ್ಲಿ ಯಾರೂ ಉಳಿದಿಲ್ಲ.

“ನಮ್ಮಲ್ಲಿದ್ದು ನಿಮ್ಮಲ್ಲಿಲ್ಲದ್ದು ಒಂದ ಐತಿ,” ಎಂದು ಎದೆಯುಬ್ಬಿಸಿದರು. “ಓಟು!”

“ಅದು ತೂಗೋ ಮಾಲೋ, ಎಣಿಸೋ ಮಾಲೋ?”

“ಎಣಿಸೂದು.”

“ಹಂಗಾದ್ರ ಇಲ್ಲಿ ನಡಿಯಂಗಿಲ್ರಿ. ವಾಪಸ್ ಒಯ್ರಿ,” ಎಂದು ಗುಮಾಸ್ತ ಗಂಭೀರವಾಗಿ ಹೇಳಿ, ಆಮೇಲೆ ತಾನೇ ನಕ್ಕುಬಿಟ್ಟ. ಕಾಕಾ ನಗಲಿಲ್ಲ. ಚಟ್ನಿಯಲ್ಲಿ ಒಂದು ಹಿಡಿ ಅವನಿಗೇ ಬಿಟ್ಟು ಬಂದೆವು, ಅವನಾಗಿಯೇ ಕೇಳಿದ್ದ.

ಚಿತ್ತಾಪುರ

ನಾನು ಹೆಂಗಸರ ಡಬ್ಬಿಯಲ್ಲಿ, ಕಾಕಾ ಆಚೆ ಗಂಡಸರ ಡಬ್ಬಿಯಲ್ಲಿ. ನನ್ನೆದುರಿಗೆ ಬುರ್ಖಾ ಹಿಂದಕ್ಕೆ ಸರಿಸಿ ಕುಳಿತ ಒಬ್ಬ ಹಿರಿಯಳು ಎಲೆ ಅಡಿಕೆ ಮಡಚುತ್ತಿದ್ದಳು. ಚಿತ್ತಾಪುರದಲ್ಲಿ ಗಾಡಿ ನಿಂತದ್ದೇ ಕಾಕಾ ತಂಬಿಗೆಯಲ್ಲಿ ನೀರು ಹಿಡಿದು ನನ್ನ ಕಿಟಕಿಗೆ ಬಂದರು. ನೀರು ನೆಪ.

“ನೀಲಾ, ಹೂಂ ಅಂದಬಿಡವಾ. ದೇಸಾಯರಿಗೆ ನಾ ಮಾತ ಕೊಟ್ಟೀನಿ. ನೀ ಒಲ್ಲೆ ಅಂದ್ರ ನನ್ನ ಮಾರಿ ಎಲ್ಲಿಡ್ಲಿ?”

“ವಿಚಾರ ಮಾಡಾಕತ್ತೀನಿ ಕಾಕಾ.”

“ಆ ವಕೀಲನ್ನ ಮನಸಿನಾಗ ಇಟಗೊಂಡಿ ಏನು?”

ಅಷ್ಟರಲ್ಲಿ ಸೀಟಿ ಊದಿತು, ಕಾಕಾ ಓಡಿದರು. ಎದುರಿನ ಹಿರಿಯಳು ನನ್ನ ಮೊಣಕಾಲು ತಟ್ಟಿದಳು.

“ಇಬ್ಬರ ಪೈಕಿ ಒಬ್ಬನ್ನ ಆರಿಸಬೇಕೇನು ಮಗಳ?”

“ಹೌದ್ರಿ.”

“ದೇಸಾಯಿ ಮನಿತನ ಅಂದ್ರ ಭಾಳ ಚಲೋ. ವಯಸ್ಸೆಷ್ಟು?”

“ಅರವತ್ತು ದಾಟ್ಯಾವ್ರಿ.”

“ಯಾ ಅಲ್ಲಾ! ಮತ್ತ ಆ ವಕೀಲಂದು?”

“ಐವತ್ತರ ಸುಮಾರು. ಮಕ್ಕಳು ಮರಿ ಅದಾವ.”

ಅವಳು ಎಲೆಯ ಡಬ್ಬಿಯನ್ನು ಫಟ್ಟನೆ ಮುಚ್ಚಿದಳು. “ಇಬ್ಬರನ್ನೂ ಒಲ್ಲೆ ಅನ್ನು. ಕಾಕಾಗ ನಾ ಹೇಳ್ತೀನಿ, ಬರಲಿ ಮುಂದಿನ ಠೇಸನಕ್ಕ.”

ಇದು ಮದುವೆಯ ಮಾತಲ್ಲ ಎಂದು ತಿಳಿಸಿ ಹೇಳಲು ಅರ್ಧ ದಾರಿ ಹಿಡಿಯಿತು. ಪೂರ್ತಿ ಕೇಳಿದ ಮೇಲೂ ಅವಳು ಅಭಿಪ್ರಾಯ ಬದಲಿಸಲಿಲ್ಲ. “ಎರಡೂ ಒಂದೇ ಮಗಳ. ಹೂಂ ಅಂದವರು ಒಳಗ ಹೋಗಿ ಕುಂದ್ರತಾರ, ಬಾಳೇ ಮಾಡೋಳು ನೀನು,” ಎಂದಳು. ನನಗೆ ನಗು ಬಂತು. ಎಷ್ಟೋ ದಿನದ ಮೇಲೆ ಬಂದ ನಗು ಅದು, ಹಾಗಾಗಿ ಹೇಳುತ್ತಿದ್ದೇನೆ.

ಸೇಡಂ

ಗಂಗಕ್ಕನ ಮನೆಯ ನೆಲಕ್ಕೆಲ್ಲ ಆ ಕಡೆಯ ನುಣುಪು ಹಾಸುಗಲ್ಲು. ಚಳಿಗಾಲದಲ್ಲಿ ಕಾಲಿಟ್ಟರೆ ನೆತ್ತಿಯವರೆಗೆ ತಣ್ಣಗಾಗುತ್ತದೆ. ಅಕ್ಕನ ಅತ್ತೆ ಶರಣಮ್ಮ ನನ್ನನ್ನು ನೋಡಿದವರೇ, “ಬರ್ರಿ ಬರ್ರಿ, ಕುಂದ್ರಿ. ಓಟಿನ ಹೆಣ್ಮಗಳು ಬಂದ್ಲು ನೋಡ್ರೋ!” ಎಂದು ಮನೆಯನ್ನೆಲ್ಲ ಕರೆದರು. ಆ ಊರಿನಲ್ಲಿ ಓಟು ಹಾಕುವ ಹೆಂಗಸನ್ನು ಯಾರೂ ನೋಡಿರಲಿಲ್ಲ. ಗಂಡಸನ್ನೂ ನೋಡಿರಲಿಲ್ಲ, ಯಾಕೆಂದರೆ ಅಲ್ಲಿ ಓಟೆಂಬುದೇ ಇಲ್ಲ. ನೆರೆಯ ಹೆಂಗಸೊಬ್ಬಳು ಬಂದು ನನ್ನ ಬೆರಳುಗಳನ್ನು ತಿರುವಿ ತಿರುವಿ ನೋಡಿ, “ಎಲ್ಲಾರ ಹಂಗೇ ಅದಾವಲ್ಲ!” ಎಂದು ನಿರಾಶೆಯಿಂದ ಹೋದಳು.

ಕಾಕಾಗೆ ಈ ಊರು ಬಹಳ ಹಿಡಿಸಿತು. ಮೆರವಣಿಗೆ ಇಲ್ಲ, ಭಾಷಣ ಇಲ್ಲ, ಗೋಡೆಯ ಮೇಲೆ ಬರಹವಿಲ್ಲ. ನಾಲ್ಕು ಜನ ಒಂದು ಕಡೆ ಕೂಡಬೇಕಾದರೂ ಅಮೀನನಿಗೆ, ಅಂದರೆ ಪೊಲೀಸು ಅಧಿಕಾರಿಗೆ, ಮುಂಚೆ ಹೇಳಬೇಕು. “ನೋಡು, ಎಷ್ಟ ಆರಾಮ ಐತಿ!” ಎಂದು ನನಗೆ ತೋರಿಸಿದರು. ಆ ಆರಾಮ ಒಂದು ಹಗಲೂ ಬಾಳಲಿಲ್ಲ.

ಸಂಜೆಗೆ ಗಂಗಕ್ಕನ ಮೈದುನ ಬಸಲಿಂಗ ತನ್ನ ಗೆಳೆಯರನ್ನು ಕರೆತಂದ. ಎಲ್ಲರೂ ಉರ್ದು ಶಾಲೆಯಲ್ಲಿ ಕಲಿತವರು, ಮನೆಯಲ್ಲಿ ಅಚ್ಚ ಕನ್ನಡ ಮಾತಾಡುವವರು, ಬರೆಯುವಾಗ ಮಾತ್ರ ಬಲದಿಂದ ಎಡಕ್ಕೆ ಕೈ ಓಡುವವರು. ಅವರಲ್ಲಿ ಮಾತಿನ ಮಲ್ಲ ಮಹಬೂಬ, ತಂದೆಯ ಬಟ್ಟೆ ಅಂಗಡಿಯಲ್ಲಿ ಕೂರುವ ಹುಡುಗ. ಒಬ್ಬೊಬ್ಬರದು ಒಂದೊಂದು ಒಲವು. ಒಬ್ಬನಿಗೆ ಕನ್ನಡದವರೆಲ್ಲ ಒಂದೇ ರಾಜ್ಯವಾಗಬೇಕು. ಇನ್ನೊಬ್ಬನಿಗೆ ಇದೇ ಸರ್ಕಾರವಿರಲಿ, ಆದರೆ ಜನರ ಮಾತು ಕೇಳಲಿ. ಮೂರನೆಯವನಿಗೆ ಯಾವ ಸರ್ಕಾರವಾದರೂ ಸರಿ, ಒಂದು ನೌಕರಿ ಕೊಡಲಿ. ಬೆಳಗಾದರೆ ಒಲವು ಬದಲಾಗುತ್ತದೆ ಎಂದು ಗಂಗಕ್ಕ ಕಿವಿಯಲ್ಲಿ ಹೇಳಿದಳು.

ಎಲ್ಲರೂ ಒಪ್ಪಿದ್ದು ಒಂದೇ: ಊರಿಗೊಂದು ವಾಚನಾಲಯ ಬೇಕು. ಜಗಳ ಬಂದದ್ದು ಹೇಗೆ ತೆರೆಯುವುದು, ಸರ್ಕಾರದ ಅಪ್ಪಣೆ ಕೇಳಿಯೋ ಕೇಳದೆಯೋ ಎಂಬುದಕ್ಕೆ.

“ಇಜಾಜತ್ ತಗೊಂಡೇ ಮಾಡಬೇಕು. ಅರ್ಜಿ ಹಿಡಕೊಂಡು ಅಮೀನನ ಹಂತ್ಯಾಕ ನಾ ಹೋಗ್ತೀನಿ,” ಎಂದ ಬಸಲಿಂಗ.

“ಓದಲಿಕ್ಕೆ ಎಂಥಾ ಇಜಾಜತ್ ಲೇ?” ಎಂದ ಮಹಬೂಬ. “ಉಸುರಾಡಲಿಕ್ಕೂ ಅರ್ಜಿ ಕೊಡ್ತೀಯೇನು? ನಮ್ಮ ಅಂಗಡಿ ಮ್ಯಾಗಿನ ಖೋಲಿ ಖಾಲಿ ಅದ. ನಾಲ್ಕು ಪೇಪರ್ ತರಸಿ ಕುಂದ್ರೋದು, ಮುಗೀತು.”

“ಜೇಲಿಗೆ ಹಾಕಿದ್ರ?”

“ಅಲ್ಲೂ ಓದ್ತೀನಿ.”

ಕೊನೆಗೆ ಬಸಲಿಂಗ ನನ್ನ ಕಡೆ ತಿರುಗಿ, “ನೀವು ಹೆಂಗ ಮಾಡ್ತೀರೋ ಹಂಗೇ ಮಾಡೋಣ್ರಿ. ಚುನಾವ್ ಇಡೋಣು,” ಎಂದ. ಆದರೆ ಸೇಡಂನಲ್ಲಿ ಅಷ್ಟು ಜನ ಕೂಡುವುದು ಎಲ್ಲಿ? ಅದಕ್ಕೆ ದಾರಿ ತೋರಿಸಿದವರು ಶರಣಮ್ಮ. ಎಳ್ಳಮಾವಾಸ್ಯೆಯ ದಿನ ಹೊಲದಲ್ಲಿ ಎಷ್ಟು ಜನ ಕೂಡಿದರೂ ಯಾವ ಅಮೀನನೂ ಕೇಳುವಂತಿಲ್ಲ.

ಕೊಡ್ಲಿಯ ಹೊಲ

ಅಕ್ಕನ ಮನೆಯವರ ಹೊಲ ಇರುವುದು ಚಿಂಚೋಳಿ ತಾಲೂಕಿನ ಕೊಡ್ಲಿಯಲ್ಲಿ. ಹಿಂದಿನ ದಿನವೇ ಬಂಡಿ ಕಟ್ಟಿದೆವು. ಗೆಳೆಯರ ದಂಡು ಇನ್ನೊಂದು ಬಂಡಿಯಲ್ಲಿ ಬಂತು. ದಾರಿಯ ಎರಡೂ ಕಡೆ ತೊಗರಿ, ಕಡಲೆ, ಎದೆಯೆತ್ತರದ ಬಿಳಿಜೋಳ. ಚಿಂಚೋಳಿಯ ಗುಡ್ಡಗಳು ದೂರದಲ್ಲಿ ನೀಲಿಯಾಗಿ ಕಾಣುತ್ತಿದ್ದವು. ಅಲ್ಲಿ ಕೂಲಿಯವರ ಮಾತಿನಲ್ಲಿ ತೆಲುಗು ಬೆರೆತಿರುತ್ತದೆ, ಬೈಗುಳವಂತೂ ಪೂರ್ತಿ ತೆಲುಗು.

ಎಳ್ಳಮಾವಾಸ್ಯೆ ನಮ್ಮ ಕಡೆಯೂ ಇದೆ, ಆದರೆ ಈ ಜನರ ಸಡಗರವೇ ಬೇರೆ. ಬಸುರಿಗೆ ಸೀಮಂತ ಮಾಡುವ ಹಾಗೆ ಪೈರಿಗೆ ಮಾಡುತ್ತಾರೆ. ಹೊಲದ ನಡುವೆ ಜೋಳದ ದಂಟಿನಿಂದ ಒಬ್ಬರು ಬಗ್ಗಿ ಹೋಗುವಷ್ಟು ಪುಟ್ಟ ಕೊಂಪೆ ಕಟ್ಟಿ, ಒಳಗೆ ಸುಣ್ಣ ಬಳಿದ ಐದು ಕಲ್ಲು ಇಡುತ್ತಾರೆ. ಅವೇ ಪಾಂಡವರು. ಪೂಜೆಯಾದ ಮೇಲೆ ಅಡುಗೆಯ ಒಂದೊಂದು ತುತ್ತನ್ನು ಹೊಲದ ತುಂಬ ಚೆಲ್ಲುತ್ತ ಕೂಗುತ್ತ ಸುತ್ತುತ್ತಾರೆ, ಅದಕ್ಕೆ ಚರಗ ಎನ್ನುತ್ತಾರೆ. ಆಮೇಲೆ ಊಟ. ಹೊಲದಲ್ಲಿ ಬೆಳೆದ ಕಾಳು ಸೊಪ್ಪೆಲ್ಲ ಒಂದೇ ಗಡಿಗೆಯಲ್ಲಿ ಕುದಿಸಿದ ಭಜ್ಜಿ, ಸಜ್ಜೆ ರೊಟ್ಟಿ, ಕಡುಬು, ಶೇಂಗಾ ಹೋಳಿಗೆ, ಹುಳಿಯಾದ ಅಂಬಲಿ. ಬೇಡ ಎಂದರೆ ಶರಣಮ್ಮನವರಿಗೆ ಕಿವಿ ಕೇಳುವುದಿಲ್ಲ.

ಊಟ ಮುಗಿದದ್ದೇ ಬಸಲಿಂಗ ಎದ್ದು ನಿಂತ. “ಅರ್ಜಿ ಕೊಟ್ಟು ತೆರಿಯೋಣು ಅನ್ನೋರು ನನಗ ಕೈ ಎತ್ರಿ.”

ಎಲ್ಲರ ಕೈ ಮೇಲೆದ್ದವು. ಮಹಬೂಬನದೂ!

ನಾನು ಬೆಕ್ಕಸ ಬೆರಗಾಗಿ, “ನೀವು ಅವರ ವಿರುದ್ಧ ನಿಂತವರಲ್ಲೇನ್ರಿ?” ಎಂದೆ.

“ಹೌದ್ರಿ,” ಎಂದ ಮಹಬೂಬ, ಎತ್ತಿದ ಕೈ ಇಳಿಸದೆ. “ಆದರ ಇವರ ಹೊಲದಾಗ ಕುಂತು, ಇವರ ಅವ್ವನ ಕೈಯಾಗಿನ ಭಜ್ಜಿ ಉಂಡು, ಇವಗೇ ಇಲ್ಲ ಅಂತ ಹ್ಯಾಂಗ ಅನ್ನಲಿ? ಉಂಡದ್ದು ಮೈಗೆ ಹತ್ತತದೇನ್ರಿ?”

ಎಲ್ಲರೂ ಹೌದು ಹೌದು ಎಂದು ತಲೆದೂಗಿದರು. ನಗಲು ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡೆ. ಕಾಕಾನ ಮುಂದೆ ನಾನೂ ಹೀಗೇ ಇಲ್ಲ ಅನ್ನಲಾರದೆ ಕುಳಿತಿರಲಿಲ್ಲವೇ? ಉಂಡದ್ದು ಇಷ್ಟು ವರ್ಷದ ಅನ್ನ, ಅಷ್ಟೇ ವ್ಯತ್ಯಾಸ.

ಆಗ ಗುಡುಗಿದವರು ಯಾರೆಂದುಕೊಂಡಿರಿ? ಕಾಕಾ!

“ಛೀ ಛೀ ಛೀ! ಇದೇನ ಓಟೋ, ಬಯಲಾಟೋ? ಕೈ ಎತ್ತೂದಲ್ಲಪಾ! ಓಟಂದ್ರ ಗುಪ್ತ. ಅಡ್ಡ ಒಂದು ಪರದಿ ಬೇಕು. ಒಬ್ಬೊಬ್ಬರ ಹೋಗಬೇಕು. ಎಡಗೈದು ಬಲಗೈಗೆ ಗೊತ್ತಾಗಬಾರದು!”

ಅವರೊಳಗಿನ ಮತಗಟ್ಟೆಯ ಅಧಿಕಾರಿ ಎದ್ದು ಕುಳಿತಿದ್ದ. ದೇಸಾಯರು, ವಕೀಲರು, ನಾನು, ಯಾರೂ ಅವರಿಗೆ ನೆನಪಿರಲಿಲ್ಲ. ಪಾಂಡವರ ಕೊಂಪೆಯೇ ಮತಗಟ್ಟೆ ಎಂದು ಸಾರಿದರು. ಅಂಬಲಿಯ ಖಾಲಿ ಗಡಿಗೆ ತೊಳೆಸಿ, ಬಾಯಿಗೆ ಬಟ್ಟೆ ಕಟ್ಟಿ, ಕೈ ಹೋಗುವಷ್ಟು ಸಂದಿ ಬಿಟ್ಟು, ಐದು ಕಲ್ಲುಗಳ ಮುಂದೆ ಇಟ್ಟರು. ಪಕ್ಕದಲ್ಲಿ ಎರಡು ತಟ್ಟೆ. ಬಸಲಿಂಗನಿಗಾದರೆ ಕಡಲೆ ಕಾಳು, ಮಹಬೂಬನಿಗಾದರೆ ತೊಗರಿ ಕಾಳು. ಒಬ್ಬರಿಗೆ ಒಂದೇ.

“ಹೆಂಗಸರಿಗೂ ಅದನ್ರಿ?” ಎಂದು ಶರಣಮ್ಮ ಕೇಳಿದರು.

“ಓದು ಬಂದವರಿಗೆ ಐತಿ.”

“ಓದು ಬರಂಗಿಲ್ಲ. ವಚನ ಬಾಯಿಪಾಠ ಬರ್ತಾವ. ನಡೀತದ?”

ಕಾಕಾ ಗದ್ದ ಕೆರೆದುಕೊಂಡು ಯೋಚಿಸಿ, “ನಡೀತೈತಿ,” ಎಂದರು. ಪರದೇಶದವಳಾದ ನನಗೆ ಕಾಯ್ದೆಯ ಪ್ರಕಾರ ಓಟಿರಲಿಲ್ಲ. ಅದಕ್ಕೂ ಕಾಕಾ ತಾವೇ ದಾರಿ ಕಂಡುಹಿಡಿದರು. “ನೀನೂ ಹಾಕು ನೀಲಾ. ಅಭ್ಯಾಸ ಆಗ್ತೈತಿ.”

ನನ್ನ ಸರದಿ ಬಂದಾಗ ಬಗ್ಗಿ ಒಳಗೆ ಹೋದೆ. ದಂಟಿನ ಸಂದಿಯಿಂದ ಬಿಸಿಲು ಗೆರೆ ಗೆರೆಯಾಗಿ ಬೀಳುತ್ತಿತ್ತು. ಹಸಿ ಜೋಳದ ವಾಸನೆ. ಐದು ಬಿಳಿ ಕಲ್ಲು, ಎರಡು ತಟ್ಟೆ, ನಾನು. ಹುಟ್ಟಿದಂದಿನಿಂದ ಯಾರಾದರೊಬ್ಬರು ನನ್ನ ಪರವಾಗಿ ಹೂಂ ಅಂದಿದ್ದರು, ಇಲ್ಲವೆ ಉಹೂಂ ಅಂದಿದ್ದರು. ಪ್ರೀತಿಯಿಂದ ಅಂದವರೂ ಇದ್ದರು. ಇಲ್ಲಿ ಯಾರೂ ಏನೂ ಅನ್ನುತ್ತಿರಲಿಲ್ಲ. ಆ ನಿಶ್ಶಬ್ದ ನನಗೆ ಎಷ್ಟು ಹಿತವಾಯಿತೆಂದರೆ, ಕಣ್ಣಲ್ಲಿ ನೀರು ಬಂತು. ಕೈಯಲ್ಲಿ ಕಾಳು ಹಿಡಿದು ಸುಮ್ಮನೆ ಕುಳಿತುಬಿಟ್ಟೆ.

“ನೀಲಾ, ಲಗೂ ಮುಗಸು!” ಎಂದು ಹೊರಗಿನಿಂದ ಕಾಕಾ ಕೂಗಿದರು. ಮರುಕ್ಷಣವೇ, “ಅಲ್ಲಲ್ಲ, ತಪ್ಪಾತು. ನಿನಗ ಬೇಕಾದಷ್ಟು ಹೊತ್ತು ತಗೋ. ಅವಸರ ಮಾಡೂಹಂಗಿಲ್ಲ,” ಎಂದರು.

ನನ್ನ ಹಿಂದೆಯೇ ಗಂಗಕ್ಕ ಹೋಗಿ ಬಂದಳು. ಅವಳ ಸೆರಗು ಹಿಡಿದು ಶರಣಮ್ಮ, “ಯಾವ ಕಾಳು ಹಾಕಿದಿ? ನನ್ನ ಮಗಗ ಹಾಕಿದಿ ಹೌದಿಲ್ಲೋ?” ಎಂದು ಶುರುಮಾಡಿದರು.

“ಕೇಳಬಾರದು!” ಕಾಕಾನ ದನಿಗೆ ಬೆಳವ ಹಕ್ಕಿಗಳು ಜೋಳದಿಂದ ಭುರ್ರನೆ ಎದ್ದವು. “ಅತ್ತಿ ಸೊಸೀನ್ನ ಕೇಳಬಾರದು. ಗಂಡ ಹೆಂಡತೀನ್ನ ಕೇಳಬಾರದು. ಅನ್ನ ಹಾಕಿದವ ಉಂಡವನ್ನ ಕೇಳಬಾರದು. ಕೇಳಿದ್ರ ಅದು ಓಟಲ್ಲ, ಸಾಲ ವಸೂಲಿ!”

ಅಷ್ಟು ಹೇಳಿ ಕಾಕಾ ಥಟ್ಟನೆ ನಿಂತರು. ಒಮ್ಮೆ ನನ್ನ ಕಡೆ ನೋಡಿ, ಸರಿಯಾಗಿಯೇ ಇದ್ದ ರುಮಾಲನ್ನು ಸರಿಪಡಿಸಿಕೊಂಡರು.

ಅಷ್ಟರಲ್ಲಿ ಬದುವಿನ ಮೇಲೆ ಪೊಲೀಸು ಜವಾನನೊಬ್ಬ ಕಂಡ. ಕೈಯಲ್ಲಿ ಕೋಲು, ಬೆವರಿದ ಮುಖ. ಬಸಲಿಂಗನ ಬಣ್ಣ ಇಳಿಯಿತು. ಮಹಬೂಬ ನೆಲ ನೋಡತೊಡಗಿದ. ಇಷ್ಟು ಹೊತ್ತು ಆಟವಾಗಿದ್ದದ್ದು ಈಗ ಆಟವಲ್ಲ ಎಂದು ಎಲ್ಲರಿಗೂ ಗೊತ್ತಾಯಿತು.

“ಏನ್ ನಡದದ್ರಿ ಇಲ್ಲಿ? ಯಾಕ ಸಾಲು ಹಿಡದು ನಿಂತೀರಿ?”

“ಪಾಂಡವರಿಗೆ ಕೈ ಮುಗಿಯಾಕತ್ತಾರ್ರೀ,” ಎಂದರು ಕಾಕಾ, ಕೊಂಪೆಯ ಬಾಗಿಲಿಗೆ ಅಡ್ಡ ನಿಂತು. “ಒಬ್ಬೊಬ್ಬರ ಹೋಗೂದು ನಮ್ಮ ಪದ್ಧತಿ.”

ಜವಾನ ಸಾಲನ್ನು ನೋಡಿದ, ಕೊಂಪೆಯನ್ನು ನೋಡಿದ. ಆಮೇಲೆ ಕೋಲು ಬದಿಗಿಟ್ಟು ಬೂಟು ಬಿಚ್ಚಿದ. “ನಮ್ಮ ಮನ್ಯಾಗೂ ಹೊಲ ಅದ್ರಿ. ನಾನೂ ಕೈ ಮುಗದು ಬರ್ತೀನಿ.”

ತಡೆಯುವುದು ಹೇಗೆ? ಅವನು ಒಳಗೆ ಹೋದ. ನಾವೆಲ್ಲ ಉಸಿರು ಬಿಗಿಹಿಡಿದೆವು. ಒಳಗಿನಿಂದ ಏನೂ ಕೇಳಲಿಲ್ಲ. ಗಡಿಗೆ ಎತ್ತಿಕೊಂಡು ಬರುತ್ತಾನೆ, ಕಾಳಿನ ತಟ್ಟೆಗಳ ಲೆಕ್ಕ ಕೇಳುತ್ತಾನೆ, ಕಾಕಾನನ್ನೂ ನನ್ನನ್ನೂ ವಾಡಿಯಾಚೆ ಅಟ್ಟುತ್ತಾನೆ, ಈ ಹುಡುಗರ ಗತಿ ಏನು ಎಂದು ನನ್ನ ಮನಸ್ಸು ಎಲ್ಲೆಲ್ಲೋ ಓಡಿತು. ಅವನು ಬರಿಗೈಯಲ್ಲಿ ಬಂದ, ಹಣೆಗೆ ಭಸ್ಮ ಹಚ್ಚಿಕೊಂಡಿದ್ದ. ಶರಣಮ್ಮ ತಡಮಾಡದೆ ಎಲೆ ಹಾಕಿದರು. ಭಜ್ಜಿಯನ್ನು ಮೂರು ಸಲ ಹಾಕಿಸಿಕೊಂಡು ಉಂಡು, ಹೋಳಿಗೆ ಕಟ್ಟಿಸಿಕೊಂಡು ಎದ್ದ. ಬದು ಹತ್ತಿ ತಿರುಗಿ ನಿಂತು ಹೇಳಿದ:

“ನಿಮ್ಮ ಪಾಂಡವರು ಭಾಳ ಚಲೋ ದೇವರು ಅದಾರ್ರಿ. ಒಬ್ಬೊಬ್ಬರನ್ನೇ ಒಳಗ ಕರದು ಕೇಳ್ತಾರ.”

ಅವನು ತೊಗರಿಯ ಸಾಲಿನಾಚೆ ಮರೆಯಾದ ಮೇಲೆ ಎಲ್ಲರೂ ಒಮ್ಮೆಲೇ ಉಸಿರು ಬಿಟ್ಟೆವು. ಯಾರೋ ನಕ್ಕರು, ಆಮೇಲೆ ನಗು ನಿಲ್ಲಲೇ ಇಲ್ಲ.

ಸಾಲಿನಲ್ಲಿ ಉಳಿದವರೂ ಹಾಕಿ ಬಂದ ಮೇಲೆ ಕಾಕಾ ಗಡಿಗೆ ಬೋರಲು ಹಾಕಿ ಎಣಿಸಿದರು. ಕಡಲೆಗಿಂತ ತೊಗರಿ ಒಂದು ಕಾಳು ಹೆಚ್ಚು. ಕೈಯೆತ್ತಿದಾಗ ಒಂದೂ ಇಲ್ಲದ ಮಹಬೂಬ ಗೆದ್ದಿದ್ದ. ಆದರೆ ಓಟು ಹಾಕಿದವರ ತಲೆ ಎಣಿಸಿದರೆ, ಗಡಿಗೆಯಲ್ಲಿ ಕಾಳು ಒಂದು ಜಾಸ್ತಿ! ಜವಾನ ಬರಿಗೈಯಲ್ಲಿ ಬಂದದ್ದು ನಿಜ, ಆದರೆ ಸುಮ್ಮನೆ ಬಂದಿರಲಿಲ್ಲ.

“ಓಟು ಕೆಟ್ಟಿತು! ಮತ್ತೊಮ್ಮೆ ಮಾಡೂಣು,” ಎಂದು ಕಾಕಾ ತಲೆಯ ಮೇಲೆ ಕೈಹೊತ್ತರು.

“ಬ್ಯಾಡ್ರಿ ಕಾಕಾ,” ಎಂದ ಬಸಲಿಂಗ. ಸೋತವನ ಮುಖದಲ್ಲಿ ಅಂಥ ಬೆಳಕನ್ನು ನಾನು ಎಂದೂ ಕಂಡಿರಲಿಲ್ಲ. “ಗೆದ್ದಿದ್ರ ನಾನೇ ಅರ್ಜಿ ಹಿಡದು ಅಮೀನನ ಮುಂದ ನಿಂದ್ರಬೇಕಿತ್ತು. ಯಾಕರ ಒಪ್ಪಿಕೊಂಡೆನೋ ಅಂತ ನಿದ್ದೀನೇ ಬರ್ತಿದ್ದಿಲ್ಲ. ಪಾರಾದೆ!”

“ಆದರ ಜವಾನ ಯಾವ ಕಾಳು ಹಾಕ್ಯಾನ?” ಎಂದು ಮಹಬೂಬ ಕೇಳಿದ. ಗೆದ್ದ ಮೇಲೆ ಅವನೇ ಸ್ವಲ್ಪ ಬಾಡಿದ್ದ. “ತೊಗರಿ ಹಾಕಿದ್ರ ಸರ್ಕಾರದ ಇಜಾಜತ್ ಸಿಕ್ಕಂಗೇ ಅಲ್ಲೇನ್ರಿ?”

ಶರಣಮ್ಮ ಅಂಬಲಿಯ ಸೌಟು ಎತ್ತಿ ಹಿಡಿದು, ಕಾಕಾನ ದನಿಯಲ್ಲೇ ಹೇಳಿದರು. “ಕೇಳಬಾರದು!”

ಶಹಾಬಾದ

ಮರಳುವಾಗ ಹೆಂಗಸರ ಡಬ್ಬಿ ತುಂಬಿತ್ತು. ವಾಡಿಯಿಂದ ಇಬ್ಬರೂ ಒಂದೇ ಡಬ್ಬಿಯಲ್ಲಿ ಎದುರುಬದುರು ಕುಳಿತೆವು. ಶಹಾಬಾದದಲ್ಲಿ ಗಾಡಿ ಬಹಳ ಹೊತ್ತು ನಿಂತಿತು. ಹೊರಗೆ ಹಾಸುಗಲ್ಲುಗಳ ಒಟ್ಟಲು, ಬಿಳಿ ದೂಳು ಮೆತ್ತಿದ ಕೂಲಿಯವರು. ಎಳ್ಳಮಾವಾಸ್ಯೆ ಮುಗಿದಿತ್ತು, ನಾನು ಕೊಟ್ಟ ವಾಯಿದೆಯೂ ಮುಗಿದಿತ್ತು.

“ನೀಲಾ,” ಎಂದರು ಕಾಕಾ ಕಿಟಕಿಯಾಚೆ ನೋಡುತ್ತ. “ದೇಸಾಯರಿಗೆ ಏನ್ ಹೇಳ್ಲಿ?”

ನಾನು ಕಂಡ ಒಬ್ಬನೇ ತಂದೆ ಅವರು. “ಕೇಳಬಾರದು ಕಾಕಾ,” ಎಂದೆ. ಅವರ ಮುಖ ನೋಡಿಯೇ ಅಂದೆ.

“ಅಂದ್ರ ವಕೀಲಗ ಹಾಕ್ತಿ.”

“ಹಂಗೂ ಹೇಳಿಲ್ಲ.”

“ದೇಸಾಯರಿಗೆ?”

“ಹಂಗೂ ಹೇಳಿಲ್ಲ. ನನಗ ಇನ್ನೂ ಗೊತ್ತಿಲ್ಲ ಕಾಕಾ. ಗೊತ್ತ ಮಾಡ್ಕೊಳ್ಳಾಕ ನನ್ನ ಬಿಡ್ರಿ. ನೀವು ಓದಿಸಿದ್ದು ಅದಕ್ಕ ಅಲ್ಲೇನು?”

ಗಾಡಿ ಹೊರಟಿತು. ಕಲಬುರ್ಗಿ ಬಂತು, ಹೋಯಿತು. ಕಾಕಾ ಕಿಟಕಿಯಿಂದ ಮುಖ ತಿರುಗಿಸಲಿಲ್ಲ. ಎಲ್ಲ ಮುಗಿಯಿತು, ಇನ್ನು ಆ ಮನೆಯಲ್ಲಿ ನಾನು ಹೊರಗಿನವಳು ಎಂದುಕೊಂಡು ಸೆರಗಿನ ಅಂಚನ್ನು ಹಿಸುಕುತ್ತ ಕುಳಿತಿದ್ದೆ. ಬಹಳ ಹೊತ್ತಿನ ಮೇಲೆ ಅವರು ಕೆಮ್ಮಿದರು.

“ಬಿಲ್ವಪತ್ರಿ ಮುಟ್ಟಿದ ಕೈ ನಂದು. ಓಟೂ ನಂದ ಇತ್ತಂದ್ರ ಬರೋಬರಿ ಇತ್ತು. ನಿಂದೂ ಸೇರಿಸಿ ಮುಟ್ಟಿದ್ದು ಕಾಯ್ದೆಕ್ಕ ಬರೂದಿಲ್ಲ.” ಆಮೇಲೆ ನನ್ನ ಕಡೆ ತಿರುಗಿ, “ಬುತ್ತಿ ಬಿಚ್ಚು. ಚಟ್ನಿ ಉಳದೈತೋ, ಆ ವಾಡಿ ಗುಮಾಸ್ತಗ ಎಲ್ಲಾ ಕೊಟ್ಟು ಬಂದಿಯೋ?” ಎಂದರು.

ಚಟ್ನಿ ಉಳಿದಿತ್ತು. ಅಷ್ಟು ರುಚಿಯ ಚಟ್ನಿಯನ್ನು ನಾನು ಆಮೇಲೆ ಎಂದೂ ತಿಂದಿಲ್ಲ.

ವಿಜಾಪುರ

ಓಟಿನ ದಿನಕ್ಕೆ ಮೊದಲೇ ಸೇಡಂ ಕಡೆಯಿಂದ ಬಂದವರು ಸುದ್ದಿ ತಂದರು. ಬಟ್ಟೆ ಅಂಗಡಿಯ ಮೇಲಿನ ಖೋಲಿಯಲ್ಲಿ ಹುಡುಗರು ಪೇಪರು ಓದುತ್ತಿದ್ದಾರಂತೆ. ಒಬ್ಬ ಜವಾನ ಸಂಜೆ ಬಂದು ಕೋಲು ಮೂಲೆಗಿಟ್ಟು, ಉರ್ದು ಪತ್ರಿಕೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿ, ಇಜಾಜತ್ತಿನ ಮಾತೆತ್ತದೆ ಹೋಗುತ್ತಾನಂತೆ. ಮುಂದೆ ಏನಾಗುವುದೋ ತಿಳಿಯದು, ಸದ್ಯಕ್ಕೆ ಆ ಹುಡುಗರು ಕ್ಷೇಮ.

ನಮ್ಮ ಓಟಿನ ದಿನ ನಾನು ಮತಗಟ್ಟೆಯ ಪರದೆಯ ಹಿಂದೆ ಹೋದೆ. ಜೋಳದ ವಾಸನೆ ಇರಲಿಲ್ಲ, ಸುಣ್ಣ ಬಳಿದ ಕಲ್ಲುಗಳಿರಲಿಲ್ಲ, ಆದರೆ ಆ ಹಿತವಾದ ನಿಶ್ಶಬ್ದ ಅದೇ ಇತ್ತು. ಬೇಕಾದಷ್ಟು ಹೊತ್ತು ತೆಗೆದುಕೊಂಡೆ. ಯಾರಿಗೆ ಹಾಕಿದೆನೆಂದು ನಿಮಗೂ ಹೇಳುವುದಿಲ್ಲ.

ಹೊರಗೆ ಬಂದಾಗ ದೇಸಾಯರ ಕಡೆಯವರ ನಡುವೆ ಕಾಕಾ ನಿಂತಿದ್ದರು. ದೇಸಾಯರ ಕಾರಭಾರಿ ನನ್ನನ್ನು ನೋಡಿ, ನನಗೆ ಕೇಳುವ ಹಾಗೆಯೇ, “ಏನ್ ರುದ್ರಪ್ಪಾ, ನಿಮ್ಮ ಹುಡುಗಿ ನಮಗ ಹಾಕಿದ್ಲೋ ಇಲ್ಲೋ?” ಎಂದ.

ನಾನು ನಿಂತಲ್ಲೇ ನಿಂತೆ. ಕಾಕಾ ಅವನನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನೋಡಿ, ರುಮಾಲು ಮುಟ್ಟಿಕೊಂಡರು.

“ಕೇಳಬಾರದ್ರಿ,” ಎಂದರು. ಮತ್ತೆ ಅಲ್ಲಿ ನಿಲ್ಲದೆ ನನ್ನ ಪಕ್ಕಕ್ಕೆ ಬಂದು, ಶಾಲೆಗೆ ಸೇರಿಸಿದ ದಿನದ ಹಾಗೆ ಮನೆಯವರೆಗೂ ನನ್ನ ಜೊತೆಯಲ್ಲೇ ನಡೆದರು.